ಕೆಳಗಿನ ಪೆಟ್ಟಿಗೆ

ಈ ಇಪ್ಪತ್ತಮೂರು ಅಂತಸ್ತಿಗೆ ಮೂರು ಪೆಟ್ಟಿಗೆ.
ಒಂದು ಛಾವಣಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕ,
ಒಂದು ಹನ್ನೆರಡರಲ್ಲಿ, ಕಸದ ಕೊಳವೆಯ ಹಿಂದೆ,
ಒಂದು ನೆಲಮಾಳಿಗೆಯಲ್ಲಿ,
ಕಾವಲಿನ ದೋನ್ ಅನ್ಸೆಲ್ಮೊ ಕೂರುವ ಮೂಲೆಯಿಂದ ಎರಡು ಮಾರು.
ಊಟದ ಡಬ್ಬಿಗಿಂತ ತುಸು ದೊಡ್ಡವು.
ಕಾಂಕ್ರೀಟಿಗೆ ಬೋಲ್ಟು ಬಿಗಿದವಳು ನಾನೇ,
ರಸಮಟ್ಟದ ಗುಳ್ಳೆ ನಡುವಿಗೆ ಬರುವ ತನಕ ಉಸಿರು ಹಿಡಿದು.

ಅವುಗಳ ಕೆಲಸವೆಂದರೆ ಬಹುಪಾಲು ಮರೆಯುವುದು.
ಕಳೆದ ಇಪ್ಪತ್ತು ಸೆಕೆಂಡನ್ನು ದವಡೆಯಲ್ಲಿ ಒತ್ತಿಕೊಂಡಿದ್ದು
ಏನೂ ಆಗದಿದ್ದರೆ ನುಂಗಿಬಿಡುತ್ತವೆ:
ಲಿಫ್ಟಿನ ಏದುಸಿರು, ಒಂಬತ್ತರ ವಾಷಿಂಗ್ ಮೆಷಿನ್ನು,
ಹದಿನೇಳರ ಎರ್ಮಿನಿಯಾ ನಿದ್ದೆ ಬಾರದೆ ಹಾಕುವ ಹೆಜ್ಜೆ.
ನೆಲ ಹದ್ದು ಮೀರಿದರೆ ಮಾತ್ರ
ನುಂಗುವುದಿಲ್ಲ. ಬರೆಯುತ್ತವೆ.

ಕೊನ್ಸೆಪ್ಸಿಯೋನಿನವರಿಗೆ ನಡುಕಕ್ಕೆ ಎರಡು ಹೆಸರು.
ತೆಂಬ್ಲೋರ್ ಅಂದರೆ, ಚಹಾ ಕುಡಿಯುತ್ತಲೇ ತೂಗುದೀಪದ ಕಡೆ ನೋಡುವುದು.
ತೆರ್ರೆಮೋತೊ ಅಂದರೆ, ಚಹಾ ಇಲ್ಲ, ದೀಪವೂ ಇಲ್ಲ.
ಆಗಸ್ಟಿನ ಆ ನಸುಕಿನದು ಎರಡರ ನಡುವಿನದು.
ಏನೆಂದು ಕರೆಯಬೇಕೆಂದು ಮೀನಂಗಡಿಯಲ್ಲಿ ಇನ್ನೂ ಜಗಳ.

ಮೂರನೆಯ ದಿನ ಬಂದೆ. ಲ್ಯಾಪ್‌ಟಾಪು, ಕೇಬಲ್ಲು, ಚೀಲದಲ್ಲಿ ಬ್ರೆಡ್ಡು.
ಲಿಫ್ಟಿಗೆ ಬೀಗ. ಮೆಟ್ಟಿಲು ಹತ್ತಿದೆ.
ಛಾವಣಿಯ ಪೆಟ್ಟಿಗೆ ಎಲ್ಲ ಬರೆದಿತ್ತು, ಕೂದಲೆಳೆ ಬಿಡದೆ.
ಹನ್ನೆರಡರದ್ದೂ ಬರೆದಿತ್ತು.
ಕಟ್ಟಡದ ತೂಗಾಟ ಮೊದಲಿಗಿಂತ ನಿಧಾನ;
ಗೋಡೆಗಳೊಳಗೆ ಎಲ್ಲೋ ಹಿಡಿತ ಸಡಿಲಿದೆ.
ಎಷ್ಟು ಬಡಿದದ್ದಕ್ಕೆ ಇಷ್ಟು ಸಡಿಲಿತು?
ಉತ್ತರವಿದೆ, ದಕ್ಷಿಣವೂ ಇದೆ, ಮೇಲು ಕೆಳಗು ಎಲ್ಲ ಇದೆ,
ನೆಲ ಕೇಳಿದ ಪ್ರಶ್ನೆ ಮಾತ್ರ ಇಲ್ಲ.
ಕೆಳಗಿನ ಪೆಟ್ಟಿಗೆ ಖಾಲಿ, ಜೂನ್ ಹನ್ನೊಂದರಿಂದ.

ಅದರ ಪ್ಲಗ್ಗಿನ ಜಾಗದಲ್ಲಿ ಕೆಟಲು.

ಅನ್ಸೆಲ್ಮೊ ಟೋಪಿ ತೆಗೆದ.
"ಚಳಿ ಇತ್ತು, ಇಂಜಿನಿಯರಮ್ಮ. ಅದು ಹೂಂ ಅನ್ನದೆ ಕೂತಿರ್ತಿತ್ತು.
ಕೆಟ್ಟುಹೋಗಿದೆ ಅಂದ್ಕೊಂಡೆ."
ಬಾಯಿಗೆ ಬಂದದ್ದನ್ನು ನಾನೂ ನುಂಗಿದೆ.
ಮಗುಚಿದ ಬಕೆಟ್ಟಿನ ಮೇಲೆ ಕೂತೆ.
"ನೀವಿದ್ದಿರಲ್ಲ ಇಲ್ಲಿ. ಹೇಳಿ."

"ಮೊದಲು ಅಂಗಾಲಿಗೆ ಬಡೀತು,
ಕೆಳಮನೆಯವರು ಪೊರಕೆ ಹಿಡಿಯಲ್ಲಿ ಕುಟ್ಟಿದ ಹಾಗೆ.
ಇಲ್ಲಿಗೆ ಕೆಳಮನೆ ಎಲ್ಲಿಂದ?
ಆಮೇಲೆ ಅಡ್ಡಕ್ಕೆ. ಕೊಕ್ಕೆಗೆ ನೇತುಹಾಕಿದ ಸೈಕಲ್ಲೆಲ್ಲ
ಒಟ್ಟಿಗೆ ನದಿ ಕಡೆ ಹೋಗಿ ಒಟ್ಟಿಗೆ ಬಂದವು."
"ಎಷ್ಟು ಹೊತ್ತು?"
"ಎರಡು ಆವೆ ಮರಿಯಾ. ಮೂರನೆಯದು 'ಈಗಲೂ' ಅನ್ನೋ ಹೊತ್ತಿಗೆ ನಿಂತಿತು."

ಅದೇ ವೇಗದಲ್ಲಿ ಹೇಳಿ ಎಂದು ಕೈಗಡಿಯಾರ ಒತ್ತಿದೆ.
ಕಣ್ಣು ಮುಚ್ಚಿ, ಗೋಡೆಗೆ ಅಂಗೈಯಿಟ್ಟು ಹೇಳಿದ.
ಎರಡನೆಯದರ ಅರ್ಧಕ್ಕೆ ಅವನ ಮಂಡಿ ಬಾಗಿತು.
ಮೂವತ್ತೊಂದು ಸೆಕೆಂಡು.
ಛಾವಣಿಯ ಲೆಕ್ಕದಲ್ಲಿ ಐವತ್ತೆಂಟು:
ನೆಲ ಬಿಟ್ಟರೂ ಕಟ್ಟಡ ಬಿಡುವುದಿಲ್ಲ.

ಕೆಟಲಿನ ಹಿಂದೆ ಗೋಡೆಗೆ ಚಿಮ್ಮಿದ ನೀರು ಒಣಗಿ
ಸುಣ್ಣದ ಬಿಳಿ ಗೆರೆ. ಅದೂ ನದಿಯ ಕಡೆಗೇ.
ಎರಡು ಗೇಣು, ನಾಲ್ಕು ಬೆರಳು. ಅಳೆದೆ,
ಯಾವ ಸೂತ್ರಕ್ಕೂ ಹೊಂದದು ಎಂದು ಗೊತ್ತಿದ್ದೂ.

ಅಷ್ಟರಲ್ಲಿ ಎರ್ಮಿನಿಯಾ ಬಾಗಿಲಲ್ಲಿ, ಕೈಯಲ್ಲಿ ಕಾಳಿನ ಪೊಟ್ಟಣ.
"ಮಲಗಬಹುದಾ ಮೇಲೆ?"
ಇನ್ನೆರಡು ದಿನ ತಂಗಿಯ ಮನೆಯಲ್ಲೇ ಇರಿ ಎಂದೆ.
"ಹಕ್ಕಿಗೆ ಹಾಕಿ ಬಂದುಬಿಡ್ತೀನಿ," ಎಂದವಳು
ನಾವು ಬೇಡವೆನ್ನುವ ಮೊದಲೇ ಮೆಟ್ಟಿಲಲ್ಲಿದ್ದಳು.
ಅನ್ಸೆಲ್ಮೊ ಹಿಂದೆಯೇ ಓಡಿದ, ಟೋಪಿ ಇಲ್ಲದೆ.
ಛಾವಣಿಯ ಪೆಟ್ಟಿಗೆ ಆ ಎರಡು ಜೊತೆ ಕಾಲನ್ನು
ದವಡೆಯಲ್ಲಿ ಹಿಡಿದು, ನುಂಗಿರಬೇಕು.

ವರದಿಯಲ್ಲಿ "ತಳದ ದಾಖಲೆ: ಇಲ್ಲ".
ಕಾರಣದ ಕಾಲಂನಲ್ಲಿ "ವಿದ್ಯುತ್ತು". ಸುಳ್ಳೇನೂ ಅಲ್ಲ.
ಅಂಚಿನಲ್ಲಿ ಪೆನ್ಸಿಲಿನಿಂದ: ಪೊರಕೆ, ಸೈಕಲ್ಲು, ಎರಡೂಮುಕ್ಕಾಲು ಪ್ರಾರ್ಥನೆ.
ಮೇಲಿನವರು ಅಳಿಸಬಹುದು.

ಮುಂದಿನ ಸೋಮವಾರ ನಾಲ್ಕು ತೂತಿನ ಎಕ್ಸ್‌ಟೆನ್ಷನ್ ಬೋರ್ಡು ಒಯ್ದೆ.
ಖರ್ಚಿನ ಪಟ್ಟಿಯಲ್ಲಿ ಅದನ್ನು
ಉಪಕರಣ ಎಂದೇ ಬರೆದಿದ್ದೇನೆ.